ಒಂದೇ ಕಂಪ್ಯೂಟರಿನಲ್ಲಿ ಎರಡು ವ್ಯವಸ್ಥೆ: ನುಡಿಯ ಕಡತಗಳನ್ನು ಉಳಿಸಿಕೊಂಡು ಲಿನಕ್ಸ್ ಬಳಸುವ ಬಗೆ

ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ಪಟ್ಟಣಗಳಲ್ಲಿ ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಶಾಲೆಯ ಪ್ರಶ್ನೆಪತ್ರಿಕೆ, ಸಹಕಾರ ಸಂಘದ ವಾರ್ಷಿಕ ವರದಿ ಮೊದಲಾದ ಕನ್ನಡದ ಕೆಲಸಗಳೆಲ್ಲ ಡಿಟಿಪಿ ಅಂಗಡಿಗಳ ಕಂಪ್ಯೂಟರುಗಳಲ್ಲಿ ಸಿದ್ಧವಾಗುತ್ತವೆ. ಇಂಥ ಅಂಗಡಿಗಳಲ್ಲಿ ವರ್ಷಗಟ್ಟಲೆ ಕೂಡಿಬಿದ್ದಿರುವ ಕಡತಗಳು ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಅಕ್ಷರಶೈಲಿಗಳಲ್ಲಿ, ಪೇಜ್‌ಮೇಕರ್ ಮತ್ತು ಕೋರೆಲ್ ಡ್ರಾ ಪುಟಗಳಲ್ಲಿ ಇರುವುದರಿಂದ ವಿಂಡೋಸನ್ನು ಒಮ್ಮೆಗೇ ಕೈಬಿಡುವಂತಿಲ್ಲ. ಅತ್ತ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದು, ವಿಸ್ತರಿತ ಭದ್ರತಾ ಯೋಜನೆಗೆ ಸೇರದ ಕಂಪ್ಯೂಟರುಗಳಿಗೆ ಸುರಕ್ಷತಾ ತಿದ್ದುಪಡಿಗಳು ಬರುವುದು ನಿಂತಿರುವುದರಿಂದ, ಅದರಲ್ಲೇ ಬ್ಯಾಂಕಿನ ವ್ಯವಹಾರವನ್ನೂ ಅಂತರಜಾಲದ ಕೆಲಸವನ್ನೂ ಮುಂದುವರಿಸುವುದು ಕ್ಷೇಮವಲ್ಲ. ವಿಂಡೋಸ್ 11ಕ್ಕೆ ಏರಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ಘಟಕ, ಇಂಟೆಲ್ ಸಂಸ್ಕಾರಕವಾದರೆ ಸಾಮಾನ್ಯವಾಗಿ ಎಂಟನೆಯ ಪೀಳಿಗೆ ಅಥವಾ ಅದರ ಮುಂದಿನದು, ಕನಿಷ್ಠ 4 ಜಿಬಿ ರ‍್ಯಾಮ್ ಮತ್ತು 64 ಜಿಬಿ ಸಂಗ್ರಹ ಇರಲೇಬೇಕು. 2015ರ ಆಸುಪಾಸಿನಲ್ಲಿ ಕೊಂಡ, ಇಂದಿಗೂ ಚೆನ್ನಾಗಿ ದುಡಿಯುತ್ತಿರುವ ಕಂಪ್ಯೂಟರುಗಳು ಈ ಷರತ್ತನ್ನು ದಾಟುವುದಿಲ್ಲ.

ಈ ಇಕ್ಕಟ್ಟಿಗೆ ಒಂದು ಒಳ್ಳೆಯ ದಾರಿಯೆಂದರೆ ಅದೇ ಕಂಪ್ಯೂಟರಿನಲ್ಲಿ ವಿಂಡೋಸನ್ನು ಹಾಗೆಯೇ ಉಳಿಸಿಕೊಂಡು ಪಕ್ಕದಲ್ಲಿ ಲಿನಕ್ಸನ್ನು ಸ್ಥಾಪಿಸುವುದು. ಕೀಲಿಮಣೆ, ಪರದೆ, ಮುದ್ರಕ, ಕಡತ ಇವೆಲ್ಲವನ್ನೂ ನಿಭಾಯಿಸಿ ಉಳಿದ ತಂತ್ರಾಂಶಗಳು ಓಡುವುದಕ್ಕೆ ನೆಲೆ ಒದಗಿಸುವ ಮೂಲ ತಂತ್ರಾಂಶಕ್ಕೆ ಕಾರ್ಯಾಚರಣಾ ವ್ಯವಸ್ಥೆ ಎಂದು ಹೆಸರು; ಒಂದೇ ಯಂತ್ರದಲ್ಲಿ ಇಂಥ ಎರಡನ್ನು ಇಟ್ಟುಕೊಂಡು, ಚಾಲೂ ಮಾಡುವಾಗ ಬೇಕಾದುದನ್ನು ಆರಿಸಿಕೊಳ್ಳುವ ಏರ್ಪಾಡಿಗೆ ಡ್ಯುಯಲ್ ಬೂಟ್ ಎನ್ನುತ್ತಾರೆ. ಇದರಲ್ಲಿ ಎರಡೂ ಒಟ್ಟಿಗೆ ಓಡುವುದಿಲ್ಲ. ಒಂದರಿಂದ ಇನ್ನೊಂದಕ್ಕೆ ಹೋಗಲು ಕಂಪ್ಯೂಟರನ್ನು ಮತ್ತೆ ಚಾಲೂ ಮಾಡಬೇಕು. ಒಟ್ಟಿಗೆ ಓಡಬೇಕೆನ್ನುವವರಿಗೆ ವರ್ಚುವಲ್‌ಬಾಕ್ಸ್‌ನಂಥ ತಂತ್ರಾಂಶಗಳಿವೆಯಾದರೂ, ಅವು ಇರುವ ರ‍್ಯಾಮನ್ನು ಎರಡು ವ್ಯವಸ್ಥೆಗಳಿಗೆ ಹಂಚುವುದರಿಂದ 4 ಜಿಬಿಯ ಹಳೆಯ ಯಂತ್ರಗಳಲ್ಲಿ ಎರಡೂ ತೆವಳುತ್ತವೆ. ಡ್ಯುಯಲ್ ಬೂಟ್‌ನಲ್ಲಿ ಚಾಲೂ ಆದ ವ್ಯವಸ್ಥೆಗೆ ಯಂತ್ರದ ಪೂರ್ಣ ಶಕ್ತಿ ದಕ್ಕುತ್ತದೆ.

ಕನ್ನಡದ ಮಟ್ಟಿಗೆ ಲಿನಕ್ಸ್ ಹೊಸ ಪ್ರಯೋಗವೇನೂ ಅಲ್ಲ. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳ ಮಕ್ಕಳು ಕೇರಳದ ಐಟಿ@ಸ್ಕೂಲ್ ಯೋಜನೆಯ ಮೂಲಕ, 2017ರಿಂದೀಚೆಗೆ ಅದರ ಮುಂದುವರಿಕೆಯಾದ ಕೈಟ್ ಸಂಸ್ಥೆಯ ಮೂಲಕ, ಲಿನಕ್ಸ್ ಆಧಾರಿತ ಕಂಪ್ಯೂಟರುಗಳಲ್ಲೇ ಪಾಠ ಕಲಿಯುತ್ತಿದ್ದಾರೆ. ಅವರ ಮಾಹಿತಿ ತಂತ್ರಜ್ಞಾನದ ಪಠ್ಯಪುಸ್ತಕವೂ ಕನ್ನಡದಲ್ಲಿದೆ. ಗಡಿಯಾಚೆಯ ಕನ್ನಡ ಶಾಲೆಯ ಹುಡುಗನಿಗೆ ಸಹಜವಾಗಿ ಸಿಕ್ಕಿರುವುದು ಹಂಪಿಯ ಕನ್ನಡ ವಿಶ್ವವಿದ್ಯಾಲಯವಿರುವ ಜಿಲ್ಲೆಯ ಪಟ್ಟಣಗಳಲ್ಲಿ ಅಪರೂಪವಾಗಿ ಉಳಿಯಬೇಕಾಗಿಲ್ಲ.

ಏನನ್ನು ಎಲ್ಲಿ ಇಡಬೇಕು

ಸ್ಥಾಪನೆಗೆ ಮೊದಲು ಯಾವ ಕೆಲಸ ಯಾವ ವ್ಯವಸ್ಥೆಯಲ್ಲಿ ನಡೆಯಬೇಕೆಂಬುದನ್ನು ಗೊತ್ತುಮಾಡಿಕೊಳ್ಳುವುದು ಮೇಲು. ಪೇಜ್‌ಮೇಕರ್, ಕೋರೆಲ್ ಡ್ರಾ, ನುಡಿ ಇವು ವಿಂಡೋಸಿಗಾಗಿಯೇ ಬರೆದ ತಂತ್ರಾಂಶಗಳು. ಆಧಾರ್ ದೃಢೀಕರಣದ ಬೆರಳಚ್ಚು ಸಾಧನಗಳಿಗೆ ತಯಾರಕರು ಒದಗಿಸುವ ಸೇವಾ ತಂತ್ರಾಂಶವೂ ಬಹುಮಟ್ಟಿಗೆ ವಿಂಡೋಸ್ ಮತ್ತು ಆಂಡ್ರಾಯ್ಡ್‌ಗಳಿಗೆ ಸೀಮಿತವಾಗಿದೆ. ಮುದ್ರಕಗಳ ವಿಷಯದಲ್ಲಿ ಎಚ್.ಪಿ. ಕಂಪನಿಯ ಹೆಚ್ಚಿನ ಮಾದರಿಗಳು ಲಿನಕ್ಸಿನಲ್ಲಿ ತೊಂದರೆಯಿಲ್ಲದೆ ನಡೆಯುತ್ತವೆ. ಆದರೆ ಜೆರಾಕ್ಸ್ ಅಂಗಡಿಗಳಲ್ಲಿ ಮನೆಮಾತಾಗಿರುವ ಕ್ಯಾನನ್ ಎಲ್‌ಬಿಪಿ 2900 ಮಾದರಿಯು ತನ್ನದೇ ವಿಶಿಷ್ಟ ಮುದ್ರಣಭಾಷೆಯನ್ನು ಬಳಸುವುದರಿಂದ ಅದನ್ನು ಲಿನಕ್ಸಿಗೆ ಹೊಂದಿಸುವುದು ತ್ರಾಸದಾಯಕ. ಅಂತರಜಾಲ, ಇಮೇಲ್, ಪತ್ರವ್ಯವಹಾರ, ಲೆಕ್ಕದ ಹಾಳೆ, ವಿದ್ಯಾರ್ಥಿಗಳ ಓದು, ಹೊಸ ಕನ್ನಡ ಬರವಣಿಗೆ ಇವೆಲ್ಲವನ್ನೂ ಧಾರಾಳವಾಗಿ ಲಿನಕ್ಸಿಗೆ ವರ್ಗಾಯಿಸಬಹುದು. ಬೆಂಬಲವಿಲ್ಲದ ವಿಂಡೋಸನ್ನು ಆದಷ್ಟು ಅಂತರಜಾಲದಿಂದ ದೂರವಿರಿಸಿ ಹಳೆಯ ಕಡತಗಳ ಕೆಲಸಕ್ಕಷ್ಟೇ ಬಳಸಿದರೆ ಅದರ ಅಪಾಯವೂ ಬಹಳಷ್ಟು ತಗ್ಗುತ್ತದೆ.

ಮೇಜಿನ ಮೇಲಿನ ಕಂಪ್ಯೂಟರಾದರೆ ಇನ್ನೊಂದು ಮಾರ್ಗ ಎಲ್ಲಕ್ಕಿಂತ ಉತ್ತಮವೆಂದು ಹೇಳಬೇಕು. 240 ಅಥವಾ 256 ಜಿಬಿಯ ಒಂದು ಪ್ರತ್ಯೇಕ ಎಸ್‌ಎಸ್‌ಡಿಯನ್ನು ಒಳಗೆ ಜೋಡಿಸಿ, ಸ್ಥಾಪನೆ ನಡೆಯುವಷ್ಟು ಹೊತ್ತು ವಿಂಡೋಸ್ ಇರುವ ಡಿಸ್ಕಿನ ತಂತಿಯನ್ನು ಕಳಚಿಟ್ಟು, ಲಿನಕ್ಸನ್ನು ಹೊಸ ಡಿಸ್ಕಿಗೆ ಮಾತ್ರ ಹಾಕಿದರೆ, ಹಳೆಯ ಕಡತಗಳ ಒಂದಕ್ಷರಕ್ಕೂ ಧಕ್ಕೆ ತಗಲುವ ಸಂಭವವೇ ಇರುವುದಿಲ್ಲ. ಜೀವನೋಪಾಯವೇ ಆ ಡಿಸ್ಕಿನಲ್ಲಿರುವ ಅಂಗಡಿಯವರು ಆ ಸಣ್ಣ ಖರ್ಚಿಗೆ ಹಿಂದೆ ಮುಂದೆ ನೋಡಬಾರದು. ಮುಂದಿನ ವಿವರಗಳು ಹೆಚ್ಚಾಗಿ ಒಂದೇ ಡಿಸ್ಕನ್ನು ಎರಡು ವ್ಯವಸ್ಥೆಗಳಿಗೆ ಹಂಚಬೇಕಾದವರಿಗೆ, ಮುಖ್ಯವಾಗಿ ಲ್ಯಾಪ್‌ಟಾಪ್ ಉಳ್ಳವರಿಗೆ ಅನ್ವಯಿಸುತ್ತವೆ.

ಸಿದ್ಧತೆ

ಎಲ್ಲಕ್ಕೂ ಮೊದಲು ಕಡತಗಳ ಪ್ರತಿಯನ್ನು ಹೊರಗಿನ ಹಾರ್ಡ್ ಡಿಸ್ಕಿಗೆ ತೆಗೆದಿಟ್ಟುಕೊಳ್ಳಬೇಕು. ಕಡತಗಳಷ್ಟೇ ಸಾಲದು; ವಿಂಡೋಸಿನ ಫಾಂಟ್ಸ್ ಕೋಶದಲ್ಲಿರುವ ನುಡಿ ಮತ್ತು ಬರಹದ ಅಕ್ಷರಶೈಲಿಗಳನ್ನೂ, ಟ್ಯಾಲಿಯ ದತ್ತಾಂಶ ಕೋಶವನ್ನೂ ಸೇರಿಸಿಕೊಳ್ಳಬೇಕು. ಪ್ರತಿ ತೆಗೆದ ಮೇಲೆ ಬೇರೊಂದು ಕಂಪ್ಯೂಟರಿಗೆ ಆ ಡಿಸ್ಕನ್ನು ಸಿಕ್ಕಿಸಿ ನಾಲ್ಕಾರು ಕಡತಗಳು ತೆರೆದುಕೊಳ್ಳುತ್ತವೆಯೇ ಎಂದು ನೋಡುವವರೆಗೆ ಮುಂದಿನ ಹೆಜ್ಜೆ ಇಡಬಾರದು.

ಎರಡನೆಯದಾಗಿ ಬಿಟ್‌ಲಾಕರ್‌ನ ಸ್ಥಿತಿಯನ್ನು ನೋಡಬೇಕು. ಡಿಸ್ಕಿನಲ್ಲಿರುವುದನ್ನೆಲ್ಲ ಗೂಢಲಿಪಿಗೆ ತಿರುಗಿಸಿಡುವ ಈ ಏರ್ಪಾಡು ಹೊಸ ಲ್ಯಾಪ್‌ಟಾಪುಗಳಲ್ಲಿ ಬಳಕೆದಾರರ ಗಮನಕ್ಕೇ ಬಾರದಂತೆ ಚಾಲನೆಯಲ್ಲಿರುವುದುಂಟು. ಡಿಸ್ಕಿನ ವಿಭಾಗಗಳನ್ನೋ ಚಾಲನೆಯ ಕ್ರಮವನ್ನೋ ಬದಲಿಸಿದ ಕೂಡಲೇ ಅದು 48 ಅಂಕಿಗಳ ಪುನಃಪ್ರಾಪ್ತಿ ಕೀಲಿಯನ್ನು ಕೇಳುತ್ತದೆ, ಅದು ಇಲ್ಲದಿದ್ದರೆ ಕಡತಗಳು ಶಾಶ್ವತವಾಗಿ ಕೈತಪ್ಪಿದಂತೆಯೇ. ಮೈಕ್ರೋಸಾಫ್ಟ್ ಖಾತೆಯಿಂದ ಆ ಕೀಲಿಯನ್ನು ಕಾಗದದ ಮೇಲೆ ಬರೆದಿಟ್ಟುಕೊಂಡು, ಸ್ಥಾಪನೆಗೆ ಮೊದಲು ಬಿಟ್‌ಲಾಕರನ್ನು ಪೂರ್ತಿ ತೆಗೆದುಹಾಕುವುದು ಒಳಿತು. ಇದರ ಜೊತೆಗೆ ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿರುವ ಫಾಸ್ಟ್ ಸ್ಟಾರ್ಟಪ್ ಎಂಬ ಆಯ್ಕೆಯನ್ನೂ ತೆಗೆಯಬೇಕು. ಅದು ಚಾಲನೆಯಲ್ಲಿರುವಾಗ ವಿಂಡೋಸ್ ಪೂರ್ತಿ ಮುಚ್ಚಿಕೊಳ್ಳದೆ ಅರೆನಿದ್ರೆಗೆ ಜಾರುವುದರಿಂದ, ಲಿನಕ್ಸಿನ ಕಡೆಯಿಂದ ವಿಂಡೋಸಿನ ವಿಭಾಗವನ್ನು ತೆರೆದಾಗ ಕಡತಗಳನ್ನು ಓದಬಹುದೇ ಹೊರತು ತಿದ್ದಲಾಗುವುದಿಲ್ಲ; ಬಲವಂತವಾಗಿ ತಿದ್ದಿದರೆ ಅವು ಕೆಡುವ ಅಪಾಯವಿದೆ.

ಕಂಪ್ಯೂಟರ್ ಯಾವ ಬಗೆಯಲ್ಲಿ ಚಾಲೂ ಆಗುತ್ತದೆ ಎಂಬುದೂ ತಿಳಿದಿರಬೇಕು. ವಿಂಡೋಸಿನ ಸಿಸ್ಟಮ್ ಇನ್ಫರ್ಮೇಷನ್ ಪುಟದಲ್ಲಿ ಬಯಾಸ್ ಮೋಡ್ ಎಂಬ ಸಾಲಿನ ಎದುರು ಯುಇಎಫ್‌ಐ ಎಂದಿದ್ದರೆ ಹೊಸ ಪದ್ಧತಿ, ಲೆಗಸಿ ಎಂದಿದ್ದರೆ ಹಳೆಯ ಪದ್ಧತಿ. ಲಿನಕ್ಸನ್ನು ಸಹ ಅದೇ ಪದ್ಧತಿಯಲ್ಲಿ ಸ್ಥಾಪಿಸಬೇಕು. ಹಳೆಯ ಪದ್ಧತಿಯ ಡಿಸ್ಕಿನಲ್ಲಿ ನಾಲ್ಕಕ್ಕಿಂತ ಹೆಚ್ಚು ಪ್ರಾಥಮಿಕ ವಿಭಾಗಗಳಿಗೆ ಅವಕಾಶವಿಲ್ಲವಾದ್ದರಿಂದ, ತಯಾರಕರೇ ನಾಲ್ಕನ್ನೂ ಬಳಸಿಬಿಟ್ಟಿದ್ದರೆ ಒಂದನ್ನು ಖಾಲಿ ಮಾಡದೆ ಗತ್ಯಂತರವಿಲ್ಲ.

ಇನ್ನು ಜಾಗ ಬಿಡಿಸುವ ಕೆಲಸ. ಒಂದೇ ಡಿಸ್ಕನ್ನು ಗೆರೆ ಎಳೆದು ಬೇರೆ ಬೇರೆ ಹೊಲಗಳಂತೆ ಹಂಚಿದ ಭಾಗಗಳೇ ಪಾರ್ಟಿಷನ್ ಅಥವಾ ವಿಭಾಗಗಳು. ವಿಂಡೋಸ್ ಕುಳಿತಿರುವ ವಿಭಾಗವನ್ನು ವಿಂಡೋಸಿನ ಸಾಧನದಿಂದಲೇ ಕುಗ್ಗಿಸುವುದು ಕ್ಷೇಮಕರ. ಸ್ಟಾರ್ಟ್ ಗುಂಡಿಯ ಮೇಲೆ ಇಲಿಯ ಬಲಗುಂಡಿ ಒತ್ತಿದಾಗ ಬರುವ ಪಟ್ಟಿಯಲ್ಲಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು, ಸಿ ಡ್ರೈವಿನ ನೀಲಿ ಪಟ್ಟಿಯ ಮೇಲೆ ಮತ್ತೆ ಬಲಗುಂಡಿ ಒತ್ತಿ ಶ್ರಿಂಕ್ ವಾಲ್ಯೂಮ್ ಎಂಬುದನ್ನು ಆರಿಸಿದರೆ, ತುಸು ಹೊತ್ತಿನ ನಂತರ ನಾಲ್ಕು ಸಾಲುಗಳ ಚಿಕ್ಕ ಕಿಟಕಿಯೊಂದು ತೆರೆದುಕೊಳ್ಳುತ್ತದೆ. ಅದರಲ್ಲಿ ಬದಲಿಸಲು ಬರುವುದು ಮೂರನೆಯ ಸಾಲೊಂದೇ, ಮತ್ತು ಅಲ್ಲಿ ಅಂಕಿಯನ್ನು ಜಿಬಿಯಲ್ಲಲ್ಲದೆ ಎಂಬಿಯಲ್ಲಿ ಕೊಡಬೇಕು. ಒಂದು ಜಿಬಿಗೆ 1024 ಎಂಬಿಯಾದ್ದರಿಂದ 60 ಜಿಬಿ ಬಿಡಿಸಬೇಕೆನ್ನುವವರು 61440 ಎಂದು ತುಂಬಬೇಕು. ಶ್ರಿಂಕ್ ಎಂಬ ಗುಂಡಿ ಒತ್ತಿದ ಮೇಲೆ ನೀಲಿ ಪಟ್ಟಿಯ ಬಲಕ್ಕೆ ಕಪ್ಪು ಪಟ್ಟಿಯ ಹೊಸ ತುಂಡು ಕಾಣಿಸಿಕೊಂಡು ಅದರಲ್ಲಿ ಅನ್‌ಅಲೊಕೇಟೆಡ್ ಎಂದು ಬರುತ್ತದೆ. ಆ ತುಂಡಿಗೆ ವಿಂಡೋಸಿನಲ್ಲಿ ಹೆಸರನ್ನಾಗಲಿ ಸ್ವರೂಪವನ್ನಾಗಲಿ ಕೊಡದೆ ಹಾಗೆಯೇ ಬಿಡಬೇಕು. ಡಿಸ್ಕಿನಲ್ಲಿ 200 ಜಿಬಿ ಖಾಲಿಯಿದ್ದರೂ ಎರಡನೆಯ ಸಾಲು 20 ಜಿಬಿಯನ್ನಷ್ಟೇ ತೋರಿಸುವುದುಂಟು. ಜಾಗ ಬದಲಿಸಲು ಒಪ್ಪದ ಪೇಜ್ ಫೈಲ್, ಹೈಬರ್ನೇಷನ್ ಮೊದಲಾದ ಆಂತರಿಕ ಕಡತಗಳು ನಡುವೆ ಕುಳಿತಿರುವುದೇ ಇದಕ್ಕೆ ಕಾರಣವಾಗಿದ್ದು, ಅವನ್ನು ತಾತ್ಕಾಲಿಕವಾಗಿ ನಿಲ್ಲಿಸಿ ಮತ್ತೆ ಪ್ರಯತ್ನಿಸಿದರೆ ಹೆಚ್ಚಿನ ಜಾಗ ಸಿಗುತ್ತದೆ.

ವಿದ್ಯುತ್ತಿನ ಬಗ್ಗೆ ಇಲ್ಲಿ ಒತ್ತಿ ಹೇಳಬೇಕಾದದ್ದಿದೆ. ವಿಭಾಗಗಳನ್ನು ಕುಗ್ಗಿಸುತ್ತಿರುವಾಗ ಅಥವಾ ಬರೆಯುತ್ತಿರುವಾಗ ವಿದ್ಯುತ್ ಕಡಿತವಾದರೆ ಇಡೀ ಡಿಸ್ಕಿನ ಲೆಕ್ಕವೇ ತಪ್ಪಿ ಎರಡೂ ವ್ಯವಸ್ಥೆಗಳು ನಿಲ್ಲಬಹುದು. ಮಳೆಗಾಲದ ಗಾಳಿಗೆ ಲೈನು ಬೀಳುವ, ಬೇಸಿಗೆಯಲ್ಲಿ ಹೇಳದೆ ಕೇಳದೆ ಕರೆಂಟ್ ಹೋಗುವ ಊರುಗಳಲ್ಲಿ ಲ್ಯಾಪ್‌ಟಾಪಿನ ಬ್ಯಾಟರಿ ತುಂಬಿದ್ದು ಚಾರ್ಜರೂ ಸಿಕ್ಕಿಸಿರಬೇಕು. ಮೇಜಿನ ಕಂಪ್ಯೂಟರಿಗೆ ಗಂಟೆ ಹೊತ್ತು ತಡೆಯುವ ಯುಪಿಎಸ್ ಅಥವಾ ಇನ್ವರ್ಟರ್ ಇಲ್ಲದಿದ್ದರೆ ಈ ಕೆಲಸವನ್ನು ಆರಂಭಿಸಲೇಬಾರದು.

ಸ್ಥಾಪನೆ

ವಿಂಡೋಸ್ ಮೊದಲು, ಲಿನಕ್ಸ್ ಆಮೇಲೆ ಎಂಬ ಕ್ರಮವನ್ನು ಪಾಲಿಸಬೇಕು. ವಿಂಡೋಸಿನ ಸ್ಥಾಪಕವು ಬೇರೆ ವ್ಯವಸ್ಥೆಯೊಂದು ಇದೆಯೆಂಬುದನ್ನು ಗಣನೆಗೆ ತೆಗೆದುಕೊಳ್ಳದೆ ತನ್ನ ಚಾಲಕವನ್ನೇ ಮುಂದೆ ಮಾಡುತ್ತದೆ. ಲಿನಕ್ಸಿನ ಸ್ಥಾಪಕವಾದರೋ ವಿಂಡೋಸನ್ನು ಹುಡುಕಿ ತನ್ನ ಪಟ್ಟಿಗೆ ಸೇರಿಸಿಕೊಳ್ಳುತ್ತದೆ. ಲಿನಕ್ಸಿನ ಹಲವು ವಿತರಣೆಗಳಲ್ಲಿ ವಿಂಡೋಸಿಗೆ ಒಗ್ಗಿದವರಿಗೆ ಲಿನಕ್ಸ್ ಮಿಂಟ್ ಹೆಚ್ಚು ಹಿತವಾದುದು. 2024ರ ಜುಲೈನಲ್ಲಿ ಬಂದ ಅದರ 22ನೆಯ ಆವೃತ್ತಿಗೆ 2029ರವರೆಗೆ ಸುರಕ್ಷತಾ ತಿದ್ದುಪಡಿಗಳು ಉಚಿತವಾಗಿ ದೊರೆಯುತ್ತವೆ. ಹಳೆಯ ಯಂತ್ರಗಳಿಗೆ ಅದರದೇ ಎಕ್ಸ್‌ಎಫ್‌ಸಿಇ ರೂಪ ಹಗುರವಾಗಿ ಹೊಂದುತ್ತದೆ. ಸುಮಾರು 3 ಜಿಬಿಯ ಐಎಸ್‌ಒ ಕಡತವನ್ನು ಇಳಿಸಿಕೊಂಡು, ಮೊಬೈಲ್ ಡೇಟಾದ ನಡುವೆ ಸಂಪರ್ಕ ತುಂಡಾಗಿ ಕಡತ ಅರೆಬರೆಯಾಗಿರಬಹುದಾದ್ದರಿಂದ ಅದರ ಪರಿಶೀಲನಾ ಸಂಖ್ಯೆಯನ್ನು ವಿತರಕರು ಪ್ರಕಟಿಸಿರುವ ಸಂಖ್ಯೆಯೊಡನೆ ತಾಳೆ ನೋಡಬೇಕು. ಬಳಿಕ ರೂಫಸ್ ಎಂಬ ಉಚಿತ ತಂತ್ರಾಂಶದಿಂದ 8 ಜಿಬಿಯ ಪೆನ್ ಡ್ರೈವಿಗೆ ಬರೆಯಬೇಕು. ಪೆನ್ ಡ್ರೈವಿನಲ್ಲಿ ಮೊದಲಿದ್ದುದೆಲ್ಲ ಅಳಿಸಿಹೋಗುತ್ತದೆ.

ಪೆನ್ ಡ್ರೈವನ್ನು ಸಿಕ್ಕಿಸಿ ಕಂಪ್ಯೂಟರನ್ನು ಚಾಲೂ ಮಾಡುವಾಗ ಡೆಲ್ ಮತ್ತು ಲೆನೊವೊಗಳಲ್ಲಿ ಎಫ್ 12, ಎಚ್.ಪಿ.ಯಲ್ಲಿ ಎಫ್ 9 ಕೀಲಿಯನ್ನು ಒತ್ತುತ್ತಿದ್ದರೆ ಸಾಮಾನ್ಯವಾಗಿ ಚಾಲನಾ ಪಟ್ಟಿ ಬರುತ್ತದೆ. ಅದರಲ್ಲಿ ಪೆನ್ ಡ್ರೈವನ್ನು ಆರಿಸಿದರೆ ಡಿಸ್ಕನ್ನು ಮುಟ್ಟದೆಯೇ ಲಿನಕ್ಸ್ ತೆರೆದುಕೊಳ್ಳುತ್ತದೆ. ಸ್ಥಾಪನೆಗೆ ಆತುರಪಡದೆ ಇಲ್ಲಿಯೇ ವೈಫೈ, ಧ್ವನಿ, ಮುದ್ರಕ, ಪರದೆಯ ಅಳತೆ ಎಲ್ಲ ಸರಿಯಿವೆಯೇ ಎಂದು ಪರೀಕ್ಷಿಸಿಕೊಳ್ಳಬೇಕು. ಕೆಲವು ಇಂಟೆಲ್ ಲ್ಯಾಪ್‌ಟಾಪುಗಳಲ್ಲಿ ಡಿಸ್ಕು ಆರ್‌ಎಸ್‌ಟಿ ಎಂಬ ವಿಧಾನದಲ್ಲಿ ಜೋಡಣೆಯಾಗಿರುವುದರಿಂದ ಸ್ಥಾಪಕಕ್ಕೆ ಅದು ಕಾಣಿಸುವುದೇ ಇಲ್ಲ. ಅದನ್ನು ಎಎಚ್‌ಸಿಐಗೆ ಬದಲಿಸಬೇಕಾಗುತ್ತದೆಯಾದರೂ, ವಿಂಡೋಸನ್ನು ಮುಂದಿನ ಬಾರಿ ಸೇಫ್ ಮೋಡ್‌ನಲ್ಲಿ ತೆರೆದುಕೊಳ್ಳುವಂತೆ ಮೊದಲೇ ಹೊಂದಿಸದೆ ಬದಲಿಸಿದರೆ ವಿಂಡೋಸ್ ಚಾಲೂ ಆಗದೆ ನಿಲ್ಲುತ್ತದೆ.

ಸ್ಥಾಪಕವು ಭಾಷೆ, ಕೀಲಿಮಣೆಗಳನ್ನು ಕೇಳಿದ ಮೇಲೆ ಬರುವ ಪುಟವೇ ಇಡೀ ಕೆಲಸದಲ್ಲಿ ಅತ್ಯಂತ ನಿರ್ಣಾಯಕವಾದುದು. ವಿಂಡೋಸಿನ ಜೊತೆಯಲ್ಲಿ ಸ್ಥಾಪಿಸು ಎಂಬುದು ಒಂದು ಆಯ್ಕೆ, ಇಡೀ ಡಿಸ್ಕನ್ನು ಅಳಿಸಿ ಸ್ಥಾಪಿಸು ಎಂಬುದು ಇನ್ನೊಂದು, ವಿಭಾಗಗಳನ್ನು ಸ್ವತಃ ನಿರ್ಧರಿಸುವುದು ಮತ್ತೊಂದು. ಎರಡನೆಯದನ್ನು ಕಣ್ತಪ್ಪಿ ಆರಿಸಿದರೆ ವಿಂಡೋಸೂ ಅದರೊಳಗಿನ ಸಮಸ್ತವೂ ಹೋಗುತ್ತವೆ. ಹೊಸಬರಿಗೆ ಮೊದಲನೆಯದು ಸಾಕು. ಸ್ವತಃ ನಿರ್ಧರಿಸುವವರು ಬಿಡಿಸಿಟ್ಟ ಖಾಲಿ ಜಾಗದಲ್ಲಿ ವ್ಯವಸ್ಥೆಗೆಂದು 30ರಿಂದ 40 ಜಿಬಿಯ ಎಕ್ಸ್ಟ್4 ಸ್ವರೂಪದ ವಿಭಾಗವನ್ನೂ, ಉಳಿದುದರಲ್ಲಿ ಸ್ವಂತ ಕಡತಗಳಿಗೆಂದು ಹೋಮ್ ವಿಭಾಗವನ್ನೂ ಮಾಡಿಕೊಂಡು, ಯುಇಎಫ್‌ಐ ಯಂತ್ರಗಳಲ್ಲಿ ಈಗಾಗಲೇ ಇರುವ ಇಎಫ್‌ಐ ವಿಭಾಗವನ್ನು ಅಳಿಸದೆ, ಫಾರ್ಮ್ಯಾಟ್ ಮಾಡದೆ, ಹಾಗೆಯೇ ಹಂಚಿಕೊಳ್ಳಬೇಕು. ಎರಡೂ ವ್ಯವಸ್ಥೆಗಳ ಚಾಲಕಗಳು ಅದರಲ್ಲಿ ಅಕ್ಕಪಕ್ಕ ಇರಬಲ್ಲವು.

ಸ್ಥಾಪನೆ ಮುಗಿದು ಕಂಪ್ಯೂಟರ್ ಮತ್ತೆ ಚಾಲೂ ಆದಾಗ ಗ್ರಬ್ ಎಂಬ ಚಾಲಕದ ಪಟ್ಟಿ ಕಾಣಿಸಿಕೊಂಡು ಲಿನಕ್ಸ್, ವಿಂಡೋಸ್ ಎರಡನ್ನೂ ತೋರಿಸುತ್ತದೆ. ವೈಫೈ ಅಥವಾ ಎನ್‌ವಿಡಿಯಾ ಚಿತ್ರಘಟಕದ ಪ್ರತ್ಯೇಕ ಚಾಲಕಗಳನ್ನು ಹಾಕಿಕೊಂಡಿದ್ದರೆ, ಸೆಕ್ಯೂರ್ ಬೂಟ್ ಎಂಬ ಭದ್ರತೆಯ ಕಾರಣದಿಂದ ಮೊದಲ ಸಲ ನೀಲಿ ಪರದೆಯೊಂದು ಬಂದು ಸ್ಥಾಪನೆಯ ವೇಳೆ ಕೊಟ್ಟ ಗುಪ್ತಪದವನ್ನು ಕೇಳುತ್ತದೆ. ಅದು ದೋಷವಲ್ಲ, ಗಾಬರಿಯಿಂದ ಮುಂದೆ ಹೋಗದೆ ಕೀಲಿಯನ್ನು ನೋಂದಾಯಿಸಬೇಕು. ವಿಂಡೋಸಿಗೆ ಹೋದಾಗ ಗಡಿಯಾರ ಐದೂವರೆ ಗಂಟೆ ಹಿಂದೆ ಬಿದ್ದಿರುವುದು ಹಲವರನ್ನು ಕಂಗೆಡಿಸುತ್ತದೆ. ಯಂತ್ರದ ಗಡಿಯಾರದಲ್ಲಿ ಲಿನಕ್ಸ್ ಜಾಗತಿಕ ಸಮಯವನ್ನು ಬರೆದಿಡುತ್ತದೆ, ವಿಂಡೋಸ್ ಅದನ್ನೇ ಸ್ಥಳೀಯ ಸಮಯವೆಂದು ಓದಿಕೊಳ್ಳುತ್ತದೆ. ಸ್ಥಳೀಯ ಸಮಯವನ್ನೇ ಬಳಸುವಂತೆ ಲಿನಕ್ಸಿಗೆ ಹೇಳಿದರೆ ಇದು ಸರಿಹೋಗುತ್ತದೆ. ಬಿಲ್ಲಿನ ಮೇಲೆ ಸಮಯ ಮುದ್ರಿಸುವ ಅಂಗಡಿಯವರು ಮೊದಲ ದಿನವೇ ಇದನ್ನು ಗಮನಿಸಬೇಕು.

ವಿಂಡೋಸಿನ ದೊಡ್ಡ ಪರಿಷ್ಕರಣೆಗಳ ನಂತರ ಗ್ರಬ್ ಪಟ್ಟಿ ಕಾಣೆಯಾಗಿ ನೇರವಾಗಿ ವಿಂಡೋಸ್ ತೆರೆದುಕೊಳ್ಳುವುದುಂಟು. ಲಿನಕ್ಸ್ ಅಳಿಸಿಹೋಗಿರುವುದಿಲ್ಲ; ಯಂತ್ರದ ಸೆಟಪ್ ಪುಟದಲ್ಲಿ ಚಾಲನೆಯ ಕ್ರಮವನ್ನು ಮೊದಲಿನಂತೆ ಮಾಡಿದರೆ ಸಾಕು. 2024ರ ಆಗಸ್ಟ್‌ನಲ್ಲಿ ಬಂದ ವಿಂಡೋಸ್ ಪರಿಷ್ಕರಣೆಯೊಂದು ಹಳೆಯ ಲಿನಕ್ಸ್ ಚಾಲಕಗಳನ್ನು ಸೆಕ್ಯೂರ್ ಬೂಟ್‌ನಿಂದ ಹೊರಗಿಟ್ಟು ಜಗತ್ತಿನಾದ್ಯಂತ ಅನೇಕರ ಡ್ಯುಯಲ್ ಬೂಟ್ ಕಂಪ್ಯೂಟರುಗಳಲ್ಲಿ ಲಿನಕ್ಸ್ ತೆರೆಯದಂತೆ ಮಾಡಿತ್ತು. ಲಿನಕ್ಸನ್ನು ಕಾಲಕಾಲಕ್ಕೆ ಪರಿಷ್ಕರಿಸುತ್ತಿರುವುದು, ಸ್ಥಾಪನೆಯ ಪೆನ್ ಡ್ರೈವನ್ನು ಅಳಿಸದೆ ಕಾಯ್ದಿಡುವುದು ಇಂಥ ಸಂದರ್ಭಗಳಿಗೆ ಬೇಕಾದ ಮುನ್ನೆಚ್ಚರಿಕೆಗಳು. ಲಿನಕ್ಸ್ ಬೇಡವೆನಿಸಿದರೆ ಚಾಲನೆಯ ಕ್ರಮದಲ್ಲಿ ವಿಂಡೋಸನ್ನು ಮುಂದೆ ತಂದುಕೊಂಡ ಮೇಲೆಯೇ ಅದರ ವಿಭಾಗಗಳನ್ನು ಅಳಿಸಬೇಕು.

ಕನ್ನಡದ ಕೆಲಸ

ನುಡಿಯಲ್ಲಿ ಬೆರಳು ಪಳಗಿದವರಿಗೆ ಲಿನಕ್ಸಿನಲ್ಲಿ ಹೊಸದಾಗಿ ಟೈಪಿಂಗ್ ಕಲಿಯಬೇಕಾಗಿಲ್ಲ. ಕೆ.ಪಿ. ರಾವ್ ಅವರು ರೂಪಿಸಿದ, ನುಡಿಯೂ ಅನುಸರಿಸುವ ಕೀಲಿಮಣೆ ವಿನ್ಯಾಸವು ಐಬಸ್ ಎಂಬ ಬರಹ ಸಾಧನಕ್ಕೆ ಎಮ್17ಎನ್ ಸಂಗ್ರಹವನ್ನು ಸೇರಿಸಿದಾಗ ಕೆಜಿಪಿ ಎಂಬ ಹೆಸರಿನಲ್ಲಿ ಸಿಗುತ್ತದೆ. ಅರ್ಧಾಕ್ಷರಕ್ಕೆ ಎಫ್ ಕೀಲಿ ಒತ್ತುವ ರೂಢಿಯೂ ಅದರಲ್ಲಿ ಹಾಗೆಯೇ ಇದೆ. ಅಕ್ಷರಶೈಲಿಗಳಿಗೆ ನೋಟೊ, ಲೋಹಿತ್, ಗುಬ್ಬಿ, ನವಿಲು ಇವೆ. ಪುಟವಿನ್ಯಾಸಕ್ಕೆ ಸ್ಕ್ರೈಬಸ್, ಚಿತ್ರಕ್ಕೆ ಇಂಕ್‌ಸ್ಕೇಪ್ ಉಚಿತವಾಗಿ ದೊರೆಯುತ್ತವೆ. ಆದರೆ ಪೇಜ್‌ಮೇಕರ್‌ನ ವೇಗಕ್ಕೆ ಒಗ್ಗಿದ ಕೈಗೆ ಅವು ಹಿಡಿಯಲು ಕೆಲವು ವಾರಗಳಾದರೂ ಬೇಕು.

ನಿಜವಾದ ತೊಡಕಿರುವುದು ಹಳೆಯ ಕಡತಗಳಲ್ಲಿ. ನುಡಿಯ ಹಳೆಯ ಅಕ್ಷರಶೈಲಿಗಳು ಇಂಗ್ಲಿಷ್ ಮತ್ತು ಐರೋಪ್ಯ ಅಕ್ಷರಗಳ ಸಂಕೇತಗಳ ಮೇಲೆ ಕನ್ನಡದ ತುಣುಕುಗಳ ಆಕಾರವನ್ನು ಹೊದಿಸುತ್ತವೆ. ಕನ್ನಡ ಎಂಬ ಮೂರಕ್ಷರದ ಪದವು ಆ ಶೈಲಿ ಇಲ್ಲದ ಕಂಪ್ಯೂಟರಿನಲ್ಲಿ ದೊಡ್ಡ ಪಿ, ತಲೆಯ ಮೇಲೆ ಓರೆಗೆರೆಯುಳ್ಳ ಎ, ಪೌಂಡ್ ನಾಣ್ಯದ ಚಿಹ್ನೆ, ಮತ್ತೆ ಅದೇ ಎ, ಜರ್ಮನ್ ಭಾಷೆಯ ಜೋಡಿ ಎಸ್, ಚಿಕ್ಕ ಕ್ಯೂ, ಕೊನೆಗೆ ಮತ್ತೊಮ್ಮೆ ಅದೇ ಎ ಆಗಿ ಕಾಣುತ್ತದೆ. ನುಡಿಯ ಅಕ್ಷರಶೈಲಿಗಳನ್ನು ಲಿನಕ್ಸಿನ ಫಾಂಟ್ಸ್ ಕೋಶಕ್ಕೆ ಪ್ರತಿ ಮಾಡಿದರೆ ವರ್ಡ್ ಕಡತಗಳು ಲಿಬ್ರೆ ಆಫೀಸ್‌ನಲ್ಲಿ ಓದಲು ಬರುತ್ತವೆ, ಮುದ್ರಿಸಲೂಬಹುದು. ಹುಡುಕಲು ಮಾತ್ರ ಬರುವುದಿಲ್ಲ, ಯಾಕೆಂದರೆ ಕಂಪ್ಯೂಟರಿನ ಲೆಕ್ಕದಲ್ಲಿ ಅಲ್ಲಿ ಕನ್ನಡವೇ ಇಲ್ಲ. 1991ರಲ್ಲಿ ಬಂದ ಯೂನಿಕೋಡ್‌ನ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ 128 ಸಂಕೇತಗಳ ಸ್ವಂತ ಜಾಗವಿದ್ದು, ಅದರಲ್ಲಿ ಬರೆದ ಕನ್ನಡ ಮಾತ್ರ ಯಾವ ವ್ಯವಸ್ಥೆಯಲ್ಲಿ ತೆರೆದರೂ ಕನ್ನಡವಾಗಿಯೇ ಉಳಿಯುತ್ತದೆ.

ಆದ್ದರಿಂದ ಎರಡೂ ವ್ಯವಸ್ಥೆಗಳು ಕಾಣಬಲ್ಲ ಎನ್‌ಟಿಎಫ್‌ಎಸ್ ಸ್ವರೂಪದ ಒಂದು ವಿಭಾಗವನ್ನು ಕಡತಗಳಿಗೆಂದು ಮೀಸಲಿಟ್ಟು, ಮೂಲ ಪ್ರತಿಯನ್ನು ಹಾಗೆಯೇ ಉಳಿಸಿಕೊಂಡು, ನುಡಿಯ ಪಠ್ಯವನ್ನು ಪರಿವರ್ತಕ ತಂತ್ರಾಂಶದ ಮೂಲಕ ಯೂನಿಕೋಡ್‌ಗೆ ತಿರುಗಿಸಿ, ಒತ್ತಕ್ಷರ ಮತ್ತು ಅರ್ಕಾವತ್ತುಗಳ ಜಾಗದಲ್ಲಿ ಕಣ್ಣಿಟ್ಟು ತಿದ್ದಿಕೊಳ್ಳುವುದು ಸರಿಯಾದ ವಿಧಾನ. ಎಲ್ಲವನ್ನೂ ಪರಿವರ್ತಿಸಬೇಕಾಗಿಲ್ಲ. ಹಿಂದಿನ ವರ್ಷಗಳ ಕೊಟ್ಟೂರು ರಥೋತ್ಸವದ ಅಥವಾ ಮೈಲಾರ ಜಾತ್ರೆಯ ಭಿತ್ತಿಪತ್ರಗಳು ವಿಂಡೋಸಿನಲ್ಲೇ ಇರಲಿ. ಪದೇ ಪದೇ ಬೇಕಾಗುವ ಅರ್ಜಿ ನಮೂನೆ, ಒಪ್ಪಂದ ಪತ್ರ, ಸಂಘದ ಸದಸ್ಯರ ಪಟ್ಟಿ, ಶಾಲೆಯ ದಾಖಲೆ ಇವು ಮೊದಲು ಯೂನಿಕೋಡ್‌ಗೆ ಬರಬೇಕಾದವು. ಹರಪನಹಳ್ಳಿ ತಾಲ್ಲೂಕು 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಹೋಗಿ, ಬಳಿಕ ಬಳ್ಳಾರಿಗೆ ಮರಳಿ, 2021ರಲ್ಲಿ ಇತರ ಐದು ತಾಲ್ಲೂಕುಗಳೊಡನೆ ವಿಜಯನಗರ ಜಿಲ್ಲೆಗೆ ಸೇರಿತು. ಹಾಗೆ ಜಿಲ್ಲೆಯ ಹೆಸರು ಬದಲಾದಾಗಲೆಲ್ಲ ನುಡಿಯ ಹಳೆಯ ನಮೂನೆಗಳನ್ನು ಒಂದೊಂದಾಗಿ ತೆರೆದು, ಹೆಸರಿರುವ ಜಾಗವನ್ನು ಕಣ್ಣಿನಿಂದ ಹುಡುಕಿ ತಿದ್ದಬೇಕಾಗುತ್ತದೆ. ಯೂನಿಕೋಡ್‌ಗೆ ತಂದ ಕೋಶದಲ್ಲಿ ಬಳ್ಳಾರಿ ಎಂದು ಒಮ್ಮೆ ಹುಡುಕಿದರೆ ಆ ಹೆಸರಿರುವ ಕಡತಗಳೆಲ್ಲ ಒಟ್ಟಿಗೆ ಎದುರಿಗೆ ಬರುತ್ತವೆ.